ಕರುಳಿನ ಪರೀಕ್ಷೆಯ ಮುನ್ನಾ ರಾತ್ರಿ: ನಿದ್ದೆಗೆಟ್ಟವರು, ಸಕ್ಕರೆ ಕಾಯಿಲೆಯವರು ತಿಳಿದಿರಬೇಕಾದದ್ದು

ದಾವಣಗೆರೆ: ದೊಡ್ಡ ಕರುಳಿನ ಒಳಭಾಗವನ್ನು ಕ್ಯಾಮೆರಾ ಅಳವಡಿಸಿದ ಬಾಗುವ ಕೊಳವೆಯ ಮೂಲಕ ನೋಡುವ ಕೊಲೊನೊಸ್ಕೋಪಿ ಪರೀಕ್ಷೆ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಮಂಪರು ಬರಿಸುವ ಔಷಧಿ ಕೊಡುವುದರಿಂದ ಹೆಚ್ಚಿನವರಿಗೆ ಪರೀಕ್ಷೆಯ ನೆನಪು ಕೂಡ ಉಳಿಯುವುದಿಲ್ಲ. ನೆನಪಿನಲ್ಲಿ ಉಳಿಯುವುದು ಅದರ ಹಿಂದಿನ ರಾತ್ರಿ. ಲೀಟರುಗಟ್ಟಲೆ ಔಷಧಿ ನೀರು ಕುಡಿದು, ಮತ್ತೆ ಮತ್ತೆ ಶೌಚಾಲಯಕ್ಕೆ ಎದ್ದು ಹೋಗಿ, ಕಣ್ಣು ಮುಚ್ಚದೆ ಬೆಳಗು ಮಾಡುವ ಆ ರಾತ್ರಿಗೆ ಹೆದರಿ ಪರೀಕ್ಷೆಯನ್ನೇ ಮುಂದೂಡುವವರಿದ್ದಾರೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ಜನರಿಗೆ ಇದರ ಜೊತೆಗೆ ಮತ್ತೊಂದು ಸಮಸ್ಯೆಯಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಪರೀಕ್ಷೆಯ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ. ವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗಬೇಕು. ಹೊನ್ನಾಳಿಯಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ನ್ಯಾಮತಿಯವರಿಗೆ ಶಿವಮೊಗ್ಗ ಹತ್ತಿರ. ಜಗಳೂರಿನವರಿಗೆ ದಾವಣಗೆರೆ ಇಲ್ಲವೇ ಚಿತ್ರದುರ್ಗ. ಎಲ್ಲಿಂದ ಹೊರಟರೂ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯೋ ಅದಕ್ಕಿಂತ ಹೆಚ್ಚೋ ಪ್ರಯಾಣ. ಭೇದಿಯ ಔಷಧಿ ಕುಡಿದವರು ಈ ಪ್ರಯಾಣವನ್ನು ಹೇಗೆ ಮಾಡುವುದು ಎಂಬ ಪ್ರಶ್ನೆಗೆ ಆಸ್ಪತ್ರೆಯಲ್ಲಿ ಕೊಡುವ ಅಚ್ಚು ಹಾಕಿದ ಸೂಚನಾ ಚೀಟಿಯಲ್ಲಿ ಉತ್ತರವಿರುವುದಿಲ್ಲ.

ಮೂಲವ್ಯಾಧಿ ಎಂದು ಸುಮ್ಮನಿರುವುದು

ನಮ್ಮ ದೇಶದಲ್ಲಿ ಸರ್ಕಾರದ ಕ್ಯಾನ್ಸರ್ ತಪಾಸಣಾ ಕಾರ್ಯಕ್ರಮವು ಬಾಯಿ, ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರುಗಳಿಗೆ ಸೀಮಿತವಾಗಿದೆ. ದೊಡ್ಡ ಕರುಳು ಆ ಪಟ್ಟಿಯಲ್ಲಿಲ್ಲ. ಅಮೆರಿಕದಲ್ಲಿ 2021ರಿಂದ 45 ವರ್ಷ ತುಂಬಿದವರೆಲ್ಲರಿಗೂ ಕರುಳಿನ ತಪಾಸಣೆಯನ್ನು ಶಿಫಾರಸು ಮಾಡಲಾಗುತ್ತಿದ್ದರೆ, ನಮ್ಮಲ್ಲಿ ಏನಾದರೂ ಲಕ್ಷಣ ಕಾಣಿಸಿಕೊಂಡ ಮೇಲಷ್ಟೇ ವೈದ್ಯರು ಈ ಪರೀಕ್ಷೆ ಬರೆಯುತ್ತಾರೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ಕುಸಿಯುವ ಹಿಮೋಗ್ಲೋಬಿನ್, ಇಳಿಯುವ ತೂಕ, ವಾರಗಟ್ಟಲೆ ಮಲವಿಸರ್ಜನೆಯ ರೀತಿಯಲ್ಲಿ ಕಾಣುವ ಬದಲಾವಣೆ, ಇವು ಆ ಲಕ್ಷಣಗಳು. ರಕ್ತ ಕಂಡರೆ ಮೂಲವ್ಯಾಧಿ ಇರಬೇಕೆಂದು ತಾವೇ ತೀರ್ಮಾನಿಸಿ, ಗೋಡೆಯ ಮೇಲೆ ಬರೆದ ಜಾಹೀರಾತು ನೋಡಿ ಔಷಧಿ ತಂದು ವರ್ಷ ಕಳೆಯುವುದು ಹಳ್ಳಿಗಳಲ್ಲಿ ಅಪರೂಪವಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಅದು ಮೂಲವ್ಯಾಧಿಯೇ ಆಗಿರಬಹುದು. ಆದರೆ ಅಲ್ಲದಿದ್ದಾಗ ಕಳೆದುಹೋದ ವರ್ಷಕ್ಕೆ ತೆರಬೇಕಾದ ಬೆಲೆ ದೊಡ್ಡದು.

ದೊಡ್ಡ ಕರುಳಿನ ಕ್ಯಾನ್ಸರ್ ಬಹುಪಾಲು ಪಾಲಿಪ್ ಎಂಬ ಸಣ್ಣ ಗಂಟಿನಿಂದ, ಹಲವು ವರ್ಷಗಳಲ್ಲಿ ಬೆಳೆಯುತ್ತದೆ. ಆ ಗಂಟನ್ನು ಪರೀಕ್ಷೆಯ ವೇಳೆಯಲ್ಲಿಯೇ ತಂತಿಯ ಕುಣಿಕೆ ಹಾಕಿ ತೆಗೆಯಬಹುದು. ಕೆಲವು ಪಾಲಿಪ್‌ಗಳು ಗೋಡೆಗೆ ಅಂಟಿದಂತೆ ಚಪ್ಪಟೆಯಾಗಿರುತ್ತವೆ. ಸುಮಾರು ಒಂದೂವರೆ ಮೀಟರ್ ಉದ್ದದ ಕರುಳಿನಲ್ಲಿ ಒಂದು ಕಡೆ ಮಲದ ತೆಳು ಲೇಪ ಉಳಿದಿದ್ದರೂ ಅಂಥದ್ದು ಕಣ್ಣಿಗೆ ಬೀಳದೆ ಹೋಗಬಹುದು. ಶುದ್ಧಿ ಸಾಲದೆಂದು ವೈದ್ಯರು ಅರ್ಧಕ್ಕೆ ನಿಲ್ಲಿಸಿದರೆ ಅದೇ ರಾತ್ರಿಯನ್ನು ಇನ್ನೊಮ್ಮೆ ಅನುಭವಿಸಬೇಕು. ಆದ್ದರಿಂದ ಸಿದ್ಧತೆಯನ್ನು ಪರೀಕ್ಷೆಯ ಅರ್ಧ ಭಾಗವೆಂದೇ ತಿಳಿಯಬೇಕು.

ಈ ಔಷಧಿ ಹರಳೆಣ್ಣೆಯಲ್ಲ

ಮಕ್ಕಳಿಗೆ ಹರಳೆಣ್ಣೆ ಕುಡಿಸಿ ಹೊಟ್ಟೆ ತೊಳೆಯುತ್ತಿದ್ದ ಕಾಲವನ್ನು ಕಂಡ ಹಿರಿಯರು ಇದನ್ನೂ ಅಂಥದ್ದೇ ಎಂದು ಭಾವಿಸುತ್ತಾರೆ. ಹಿಂದೆ ಕರುಳಿನ ಪರೀಕ್ಷೆಗೂ ಹಲವು ದಿನಗಳ ದ್ರವಾಹಾರ, ಭೇದಿ ಔಷಧಿ ಹಾಗೂ ಎನಿಮಾಗಳೇ ಗತಿಯಾಗಿದ್ದವು. 1980ರಲ್ಲಿ ಅಮೆರಿಕದ ಸಂಶೋಧಕರು ಪಾಲಿಎಥಿಲೀನ್ ಗ್ಲೈಕಾಲ್ ಹಾಗೂ ಲವಣಗಳನ್ನು ಬೆರೆಸಿದ ದ್ರಾವಣವೊಂದನ್ನು ಪ್ರಕಟಿಸಿದ ಬಳಿಕ ಪರಿಸ್ಥಿತಿ ಬದಲಾಯಿತು. ಈ ದ್ರಾವಣ ರಕ್ತಕ್ಕೆ ಸೇರುವುದಿಲ್ಲ. ಶರೀರದ ನೀರನ್ನು ಎಳೆದುಕೊಳ್ಳುವ ಬದಲು, ಕುಡಿದ ನೀರನ್ನೇ ಹಿಡಿದಿಟ್ಟುಕೊಂಡು ಕೊಳವೆ ತೊಳೆದಂತೆ ಕರುಳನ್ನು ತೊಳೆದು ಹೊರಬರುತ್ತದೆ. ಹೀಗಾಗಿ ಹೃದಯ ಹಾಗೂ ಮೂತ್ರಪಿಂಡದ ತೊಂದರೆ ಇರುವವರಿಗೂ ವೈದ್ಯರು ಸಾಮಾನ್ಯವಾಗಿ ಇದನ್ನೇ ಆರಿಸುತ್ತಾರೆ. ಔಷಧಿ ಅಂಗಡಿಗಳಲ್ಲಿ ಪೆಗ್ಲೆಕ್ ಮೊದಲಾದ ಹೆಸರುಗಳಲ್ಲಿ, ಎರಡು ಲೀಟರ್ ನೀರಿಗೆ ಕಲಸುವ ಪುಡಿಯಾಗಿ ಇದು ದೊರೆಯುತ್ತದೆ.

ಕಡಿಮೆ ಕುಡಿದರೆ ಸಾಕೆನ್ನುವ ಸೋಡಿಯಂ ಫಾಸ್ಫೇಟ್ ದ್ರಾವಣವೂ ಮಾರುಕಟ್ಟೆಯಲ್ಲಿದೆ. ಪ್ರಮಾಣ ಕಡಿಮೆಯೆಂಬ ಕಾರಣಕ್ಕೆ ಜನರಿಗೆ ಅದರ ಮೇಲೆ ಒಲವು. ಆದರೆ ಅದು ಮೂತ್ರಪಿಂಡಕ್ಕೆ ಹಾನಿ ಮಾಡಿದ ಪ್ರಕರಣಗಳು ವರದಿಯಾದ ಕಾರಣ 2008ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಗಂಭೀರ ಎಚ್ಚರಿಕೆ ನೀಡಿತ್ತು. ವಯಸ್ಸಾದವರು, ಮೂತ್ರಪಿಂಡ ದುರ್ಬಲವಾಗಿರುವವರು, ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು ನೆರೆಮನೆಯವರಿಗೆ ಬರೆದ ಚೀಟಿ ತೋರಿಸಿ ಅಂಗಡಿಯಿಂದ ಇದನ್ನು ತಂದು ಕುಡಿಯಲೇಬಾರದು.

ಗಡಿಯಾರವನ್ನು ಹಿಂದಕ್ಕೆ ಎಣಿಸಿ

ಎಲ್ಲವನ್ನೂ ಹಿಂದಿನ ಸಂಜೆಯೇ ಕುಡಿದು ಮುಗಿಸುವ ಹಳೆಯ ಪದ್ಧತಿಯನ್ನು ಈಗ ತಜ್ಞರು ಒಪ್ಪುವುದಿಲ್ಲ. ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು ಆರಂಭಿಸಿ, ಕನಿಷ್ಠ ಎರಡು ಗಂಟೆ ಮೊದಲು ಮುಗಿಸಬೇಕು ಎಂಬುದು ಅಮೆರಿಕ ಹಾಗೂ ಯೂರೋಪಿನ ತಜ್ಞ ಸಂಘಗಳ ಮಾರ್ಗಸೂಚಿ. ಕೊನೆಯ ಲೋಟಕ್ಕೂ ಪರೀಕ್ಷೆಗೂ ನಡುವೆ ರಾತ್ರಿಯಿಡೀ ಅಂತರ ಬಿದ್ದರೆ ಸಣ್ಣ ಕರುಳಿನಿಂದ ಇಳಿದು ಬರುವ ಪಿತ್ತರಸ ಹಾಗೂ ಲೋಳೆ ತೊಳೆದ ಕರುಳನ್ನು ಮತ್ತೆ ಮೆತ್ತುತ್ತವೆ.

ಇಲ್ಲಿಯೇ ನಿದ್ದೆ ಹಾಗೂ ಬಸ್ಸು ಎರಡೂ ಅಡ್ಡ ಬರುತ್ತವೆ. ಊಹೆಗೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಜಗಳೂರು ತಾಲ್ಲೂಕಿನ 62 ವರ್ಷದ ರೈತರೊಬ್ಬರಿಗೆ ದಾವಣಗೆರೆಯಲ್ಲಿ ಬೆಳಿಗ್ಗೆ 9 ಗಂಟೆಗೆ ಪರೀಕ್ಷೆ ಗೊತ್ತಾಗಿದೆ. ಎರಡನೆಯ ಕಂತನ್ನು ಅವರು ನಸುಕಿನ 3ರಿಂದ 5 ಗಂಟೆಯೊಳಗೆ ಆರಂಭಿಸಿ 7ಕ್ಕೆ ಮುಗಿಸಬೇಕು. ಅದೇ ಹೊತ್ತಿಗೆ ಬಸ್ಸಿನಲ್ಲಿಯೂ ಇರಬೇಕು. ಇದು ಆಗದ ಮಾತು. ಹಾಗಾಗಿ ಅವರು ಎರಡನೆಯ ಕಂತನ್ನು ಬಿಟ್ಟೇ ಬರುತ್ತಾರೆ, ಪರೀಕ್ಷೆ ಕೆಡುತ್ತದೆ.

ಅದೇ ಪರೀಕ್ಷೆ ಮಧ್ಯಾಹ್ನ 2 ಗಂಟೆಗಾದರೆ ಲೆಕ್ಕವೇ ಬೇರೆ. ಸಂಜೆ 5 ಅಥವಾ 6ಕ್ಕೆ ಮೊದಲ ಲೀಟರ್ ಆರಂಭಿಸಿದರೆ ಬಹುಮಂದಿಗೆ ರಾತ್ರಿ 9-10ರ ಹೊತ್ತಿಗೆ ಹೊಟ್ಟೆ ಶಾಂತವಾಗುತ್ತದೆ. ರಾತ್ರಿ ಮಲಗಿ, ಬೆಳಿಗ್ಗೆ 8ಕ್ಕೆ ಎರಡನೆಯ ಲೀಟರ್ ಹಿಡಿದು 9ಕ್ಕೆ ಮುಗಿಸಿದರೆ 11ರ ಹೊತ್ತಿಗೆ ಹೊರಡಬಹುದು. ಮಧ್ಯಾಹ್ನದ ಪರೀಕ್ಷೆಗೆ ಎರಡೂ ಕಂತನ್ನು ಅದೇ ದಿನ ಬೆಳಿಗ್ಗೆ ಕುಡಿಯುವುದಕ್ಕೂ ಮಾರ್ಗಸೂಚಿಗಳಲ್ಲಿ ಅವಕಾಶವಿದೆ. ಮೊದಲೇ ನಿದ್ದೆಗೆಟ್ಟವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ದಿನಾಂಕ ಗೊತ್ತುಮಾಡುವ ಕೌಂಟರಿನಲ್ಲಿ ‘ನಾನು ದೂರದ ಊರಿನವನು, ಮಧ್ಯಾಹ್ನದ ಸಮಯ ಕೊಡಿ’ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಬೆಳಗಿನ ಸಮಯವೇ ಅನಿವಾರ್ಯವಾದರೆ ಹಿಂದಿನ ಮಧ್ಯಾಹ್ನವೇ ನಗರ ತಲುಪಿ ನೆಂಟರ ಮನೆಯಲ್ಲೋ ಆಸ್ಪತ್ರೆಯ ಸಮೀಪದ ವಸತಿಗೃಹದಲ್ಲೋ ಉಳಿಯುವುದು ಮೇಲು. ಕೋಣೆಗೆ ಪ್ರತ್ಯೇಕ ಶೌಚಾಲಯ ಇದೆಯೇ ಎಂದು ನೋಡಿಕೊಂಡೇ ಬಾಡಿಗೆ ಕೊಡಬೇಕು. ಮಧುಮೇಹಿಗಳ ವಿಚಾರ ಮಾತ್ರ ಬೇರೆ. ಹೆಚ್ಚು ಹೊತ್ತು ಹಸಿದಿರಬಾರದೆಂಬ ಕಾರಣಕ್ಕೆ ಅವರಿಗೆ ದಿನದ ಮೊದಲ ಸಮಯವನ್ನೇ ಕೊಡುವ ಪದ್ಧತಿ ಹಲವೆಡೆ ಇದೆ. ದೂರದ ಊರಿನ ಮಧುಮೇಹಿಗಳು ಎರಡನ್ನೂ ತೂಗಿ ವೈದ್ಯರ ಜೊತೆ ಮಾತನಾಡಿಯೇ ನಿರ್ಧರಿಸಬೇಕು.

ನಿದ್ದೆ ಮಾತ್ರೆ ನುಂಗುವವರು

ನಿದ್ದೆಗೆಂದು ಅಲ್ಪ್ರಜೋಲಮ್, ಕ್ಲೊನಜೆಪಾಮ್, ಜೋಲ್ಪಿಡೆಮ್‌ನಂತಹ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುತ್ತಿರುವವರು ಅದನ್ನು ಯಾರಿಗೂ ಹೇಳದಿರುವುದೇ ಹೆಚ್ಚು. ‘ಬೇರೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ’ ಎಂದು ವೈದ್ಯರು ಕೇಳಿದಾಗ ಬಿ.ಪಿ., ಸಕ್ಕರೆಯ ಹೆಸರು ಹೇಳಿ ನಿದ್ದೆಯ ಮಾತ್ರೆಯನ್ನು ಬಿಡುತ್ತಾರೆ. ಪರೀಕ್ಷೆಯ ವೇಳೆ ಕೊಡುವ ಮಂಪರು ಔಷಧಿಗಳಲ್ಲಿ ಮಿಡಜೋಲಮ್ ಕೂಡ ಒಂದು; ಅದು ಅಲ್ಪ್ರಜೋಲಮ್, ಕ್ಲೊನಜೆಪಾಮ್‌ಗಳ ಗುಂಪಿನದೇ. ಒಂದರ ಮೇಲೊಂದು ಕೂಡಿದರೆ ಉಸಿರಾಟ ನಿಧಾನವಾಗುವ ಅಪಾಯವುಂಟು. ಹಾಗೆಂದು ಎರಡು ದಿನ ಮೊದಲೇ ತಾವಾಗಿ ನಿಲ್ಲಿಸುವುದೂ ಸಲ್ಲದು. ದೀರ್ಘಕಾಲ ಬಳಸಿದ ಕ್ಲೊನಜೆಪಾಮ್‌ನಂಥ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ನಡುಕ, ಕಳವಳ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಮಾತ್ರೆಯ ಹೆಸರು ಹಾಗೂ ಪ್ರಮಾಣವನ್ನು ಮೊದಲ ಭೇಟಿಯಲ್ಲಿಯೇ ತಿಳಿಸಿ, ಹಿಂದಿನ ರಾತ್ರಿ ನುಂಗಬೇಕೆ, ಯಾವ ಹೊತ್ತಿಗೆ ನುಂಗಬೇಕು ಎಂದು ಕೇಳಿ ಬರೆಸಿಕೊಳ್ಳಬೇಕು.

ಹೊತ್ತಿನ ಪ್ರಶ್ನೆ ಸಣ್ಣದಲ್ಲ. ಶುದ್ಧಿಯ ದ್ರಾವಣ ಆರಂಭಿಸುವ ಒಂದು ಗಂಟೆಯೊಳಗೆ ನುಂಗಿದ ಯಾವ ಮಾತ್ರೆಯಾದರೂ ರಕ್ತಕ್ಕೆ ಸೇರುವ ಮೊದಲೇ ಕೊಚ್ಚಿಹೋಗಬಹುದು. ನಿದ್ದೆ ಬರಲಿಲ್ಲವೆಂದು ಇನ್ನೊಂದು ನುಂಗುವವರಿದ್ದಾರೆ. ಇನ್ನೊಂದೆಡೆ, ಮಾತ್ರೆ ಕೆಲಸ ಮಾಡಿತೆಂದೇ ಇಟ್ಟುಕೊಳ್ಳಿ. ಅರೆನಿದ್ದೆಯಲ್ಲಿ ಎದ್ದು, ನೀರಿನಂಶ ಕಡಿಮೆಯಾಗಿ ತಲೆ ಸುತ್ತುತ್ತಿರುವಾಗ, ಹಿತ್ತಲಿನ ಶೌಚಾಲಯದವರೆಗೆ ಕತ್ತಲಲ್ಲಿ ನಡೆಯಬೇಕು. ವಯಸ್ಸಾದವರ ಸೊಂಟದ ಮೂಳೆ ಮುರಿಯಲು ಇಷ್ಟು ಸಾಕು. ದಾರಿಯ ದೀಪ ಉರಿಯುತ್ತಿರಲಿ, ನೆಲ ಒದ್ದೆಯಾಗದಿರಲಿ, ಮನೆಯವರೊಬ್ಬರು ಹತ್ತಿರ ಮಲಗಲಿ. ಎದ್ದ ಕೂಡಲೇ ಓಡದೆ, ಮಂಚದ ಅಂಚಿನಲ್ಲಿ ಅರೆಕ್ಷಣ ಕುಳಿತು ಏಳುವುದು ಒಳ್ಳೆಯದು.

ಜೋರಾಗಿ ಗೊರಕೆ ಹೊಡೆಯುವವರು, ನಿದ್ದೆಯಲ್ಲಿ ಉಸಿರು ನಿಂತಂತಾಗಿ ಬೆಚ್ಚಿ ಏಳುವವರು, ಹಗಲಿನಲ್ಲಿ ಕುಳಿತಲ್ಲೇ ತೂಕಡಿಸುವವರು ಅರಿವಳಿಕೆ ತಜ್ಞರಿಗೆ ಇದನ್ನು ತಪ್ಪದೇ ಹೇಳಬೇಕು. ಇದು ಸ್ಲೀಪ್ ಅಪ್ನಿಯಾ ಇರಬಹುದು. ಮಂಪರು ಕೊಟ್ಟಾಗ ಶ್ವಾಸನಾಳ ಮುಚ್ಚಿಕೊಳ್ಳುವ ಸಂಭವ ಇವರಲ್ಲಿ ಹೆಚ್ಚು. ಸಿಪ್ಯಾಪ್ ಯಂತ್ರ ಬಳಸುವವರು ಅದನ್ನು ಆಸ್ಪತ್ರೆಗೆ ಕೊಂಡೊಯ್ಯಬೇಕು. ತನ್ನ ಗೊರಕೆ ತನಗೆ ತಿಳಿಯದು. ಆದ್ದರಿಂದ ಈ ಪ್ರಶ್ನೆಗೆ ರೋಗಿಗಿಂತ ಮನೆಯವರ ಉತ್ತರವೇ ವಿಶ್ವಾಸಾರ್ಹ.

ನಿದ್ದೆ ಬಾರದವರನ್ನು ಕಾಡುವ ಮತ್ತೊಂದು ಚಿಂತೆ, ನಿದ್ದೆಗೆಟ್ಟು ಹೋದರೆ ಪರೀಕ್ಷೆ ಮಾಡುತ್ತಾರೋ ಇಲ್ಲವೋ ಎಂಬುದು. ಒಂದು ರಾತ್ರಿ ನಿದ್ದೆ ಬಾರದಿದ್ದರೆ ಪರೀಕ್ಷೆಗೆ ಅಡ್ಡಿಯಿಲ್ಲ. ಆ ರಾತ್ರಿ ನಿದ್ದೆಯನ್ನು ಒತ್ತಾಯಿಸುವುದಕ್ಕಿಂತ, ಹಿಂದಿನ ಮೂರು ನಾಲ್ಕು ರಾತ್ರಿ ಹೊತ್ತಿಗೆ ಸರಿಯಾಗಿ ಮಲಗುವುದು ಉತ್ತಮ. ಪರೀಕ್ಷೆಯ ರಾತ್ರಿ ನಿದ್ದೆ ಮಾತ್ರೆಯನ್ನು ಮತ್ತೆ ಆರಂಭಿಸುವ ಮೊದಲೂ ವೈದ್ಯರನ್ನು ಕೇಳಬೇಕು, ಏಕೆಂದರೆ ಮಂಪರಿನ ಪ್ರಭಾವ ಸಂಜೆಗೆ ಪೂರ್ತಿ ಹೋಗಿರುವುದಿಲ್ಲ.

ಸಕ್ಕರೆ, ಬಿ.ಪಿ., ರಕ್ತ ತೆಳುವಾಗಿಸುವ ಮಾತ್ರೆ

ಒಂದೊಂದಾಗಿ ನೋಡಿದರೆ ಇವೆಲ್ಲ ಸಂಭಾಳಿಸಬಹುದಾದ ಸಂಗತಿಗಳೇ. ಅಪಾಯವಿರುವುದು ಇವು ಒಂದೇ ರಾತ್ರಿ ಕೂಡಿಬರುವುದರಲ್ಲಿ. ಹೊಟ್ಟೆಯಲ್ಲಿ ಅನ್ನವಿಲ್ಲ. ಎಂದಿನಂತೆ ಗ್ಲಿಮೆಪಿರೈಡ್ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡಾಗಿದೆ. ಮೇಲೆ ನಿದ್ದೆಯ ಮಾತ್ರೆ. ರಾತ್ರಿ 2ಕ್ಕೆ ರಕ್ತದ ಸಕ್ಕರೆ ಕುಸಿದರೆ ಬೆವರು, ನಡುಕ, ಎದೆಬಡಿತಗಳು ಎಚ್ಚರಿಸಬೇಕು. ಆದರೆ ಮಾತ್ರೆಯ ಮಂಪರಿನಲ್ಲಿರುವವರಿಗೆ ಎಚ್ಚರವೇ ಆಗದು. ಬಿ.ಪಿ. ಅಥವಾ ಹೃದಯಕ್ಕೆಂದು ಮೆಟೊಪ್ರೊಲಾಲ್, ಅಟೆನೊಲಾಲ್ ನುಂಗುವವರಲ್ಲಿ ನಡುಕ, ಎದೆಬಡಿತಗಳು ಮೊದಲೇ ಮರೆಯಾಗಿರುತ್ತವೆ.

ಈ ಅಪಾಯಕ್ಕೆ ಮೂಲ ಕಾರಣ ಒಂದೇ: ಕರುಳಿನ ವೈದ್ಯರು ಬರೆದದ್ದು ಒಂದು ಚೀಟಿ, ಊರಿನ ಡಾಕ್ಟರು ಸಕ್ಕರೆಗೆ ಬರೆದದ್ದು ಇನ್ನೊಂದು, ನಿದ್ದೆಯ ಮಾತ್ರೆ ಮತ್ತೆಲ್ಲಿಂದಲೋ. ಮೂರನ್ನೂ ಒಟ್ಟಿಗೆ ನೋಡಿದವರು ಯಾರೂ ಇಲ್ಲ. ಆದ್ದರಿಂದ ಮನೆಯಲ್ಲಿರುವ ಮಾತ್ರೆಗಳ ಹಾಳೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ, ನಾಟಿ ಔಷಧಿಯಿದ್ದರೆ ಅದನ್ನೂ ಸೇರಿಸಿ, ಪರೀಕ್ಷೆಗೆ ಕನಿಷ್ಠ ಒಂದು ವಾರ ಮೊದಲು ವೈದ್ಯರ ಮೇಜಿನ ಮೇಲೆ ಸುರಿಯುವುದೇ ಸರಿಯಾದ ದಾರಿ.

ವೈದ್ಯರು ಸಾಮಾನ್ಯವಾಗಿ ಹೇಳುವುದು ಹೀಗೆ. ಗ್ಲಿಮೆಪಿರೈಡ್‌ನಂತಹ ಮಾತ್ರೆಗಳನ್ನು ಊಟವಿಲ್ಲದ ದಿನ ನಿಲ್ಲಿಸಬೇಕು. ಇನ್ಸುಲಿನ್ ಪ್ರಮಾಣವನ್ನು ತಗ್ಗಿಸಬೇಕೇ ವಿನಾ, ಅದರಲ್ಲೂ ಚಿಕ್ಕಂದಿನಿಂದ ಇನ್ಸುಲಿನ್ ಮೇಲಿರುವವರು, ಪೂರ್ತಿ ಬಿಡಬಾರದು. ಇತ್ತೀಚಿನ ವರ್ಷಗಳಲ್ಲಿ ಹೆಚ್ಚಾಗಿ ಬಳಕೆಗೆ ಬಂದಿರುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸುವಂತೆ ಸೂಚಿಸುತ್ತಾರೆ. ಉಪವಾಸದಲ್ಲಿ ಇವು ಸಕ್ಕರೆ ಏರದೆಯೇ ರಕ್ತದಲ್ಲಿ ಆಮ್ಲ ಹೆಚ್ಚಿಸುವ ಸಂಭವವಿದೆ. ವಾಕರಿಕೆ, ಏದುಸಿರು ಬಂದಾಗ ಅದು ಔಷಧಿ ನೀರಿನಿಂದಲೇ ಎಂದು ತಪ್ಪು ತಿಳಿಯುವಂತಾಗುತ್ತದೆ. ಸೆಮಾಗ್ಲುಟೈಡ್ ಹೊಟ್ಟೆ ಖಾಲಿಯಾಗುವುದನ್ನೇ ನಿಧಾನಿಸುವುದರಿಂದ ಅದನ್ನೂ ತಿಳಿಸಬೇಕು.

ಗ್ಲುಕೋಮೀಟರ್ ಇದ್ದವರು ಮಲಗುವ ಮುನ್ನ ಒಮ್ಮೆ, ನಡುರಾತ್ರಿ ಕಳೆದ ಮೇಲೆ ಒಮ್ಮೆ, ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಬೇಕು. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿದು 15 ನಿಮಿಷದ ಬಳಿಕ ಮತ್ತೆ ನೋಡಬೇಕು. ಪರೀಕ್ಷೆಗೆ ಎರಡೇ ಗಂಟೆ ಉಳಿದಿದೆ ಎಂದು ಹಿಂಜರಿಯದೆ ಕುಡಿದು, ಆಸ್ಪತ್ರೆಯಲ್ಲಿ ತಿಳಿಸಿದರಾಯಿತು. ಪರೀಕ್ಷೆ ತಡವಾದರೂ ಚಿಂತೆಯಿಲ್ಲ.

ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವ ಹಿರಿಯರು ಆ ದಿನ ಬರಿ ನೀರನ್ನೇ ಕೊಡಗಟ್ಟಲೆ ಕುಡಿಯಬಾರದು. ರಕ್ತದ ಸೋಡಿಯಂ ಇಳಿದು ಗೊಂದಲ, ಮಂಕು, ಫಿಟ್ಸ್ ಬರುವ ಅಪಾಯವಿದೆ. ಓ.ಆರ್.ಎಸ್., ಉಪ್ಪು ಹಾಕಿದ ಅಕ್ಕಿ ಗಂಜಿಯ ತಿಳಿಯನ್ನು ನಡುನಡುವೆ ಕುಡಿಯುವುದು ಕ್ಷೇಮ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಕ್ಲೊಪಿಡೋಗ್ರೆಲ್ ಅಥವಾ ವಾರ್ಫರಿನ್ ಮಾತ್ರೆಯನ್ನು ಹೃದಯದ ವೈದ್ಯರ ಮಾತಿಲ್ಲದೆ ಒಂದು ದಿನವೂ ಬಿಡಬಾರದು. ಕಬ್ಬಿಣಾಂಶದ ಮಾತ್ರೆಯನ್ನು ಮಾತ್ರ ಐದರಿಂದ ಏಳು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಅದು ಮಲವನ್ನು ಕಪ್ಪಾಗಿಸಿ ಗೋಡೆಗೆ ಅಂಟಿಸುತ್ತದೆ. ಫಿಟ್ಸ್ ಮಾತ್ರೆಯನ್ನು ಬಿಡುವಂತಿಲ್ಲ.

ತಟ್ಟೆಯಲ್ಲಿ ಏನಿರಬೇಕು?

ನಮ್ಮ ಭಾಗದ ಊಟ ನಾರಿನಂಶದಿಂದ ಕೂಡಿದ್ದು. ಉಳಿದ ದಿನಗಳಲ್ಲಿ ಕರುಳಿಗೆ ಅದು ವರ, ಪರೀಕ್ಷೆಯ ಹಿಂದಿನ ದಿನ ಮಾತ್ರ ತೊಡಕು. ಜೋಳದ ರೊಟ್ಟಿ, ರಾಗಿ ಮುದ್ದೆ, ಸೊಪ್ಪಿನ ಪಲ್ಯ, ಕಾಳುಗಳು, ಶೇಂಗಾ, ಗುರೆಳ್ಳು ಹಾಗೂ ಅಗಸೆಯ ಚಟ್ನಿಪುಡಿ, ಟೊಮ್ಯಾಟೊ ಹಾಗೂ ಸೀಬೆಯ ಬೀಜ, ಮಿರ್ಚಿಯೊಳಗಿನ ಬೀಜ ಇವೆಲ್ಲ ದೂರವಿರಲಿ. ಬೀಜಗಳು ಕೊಳವೆಯ ಹೀರುವ ರಂಧ್ರವನ್ನೇ ಮುಚ್ಚಿಬಿಡುತ್ತವೆ. ಬಿಳಿ ಅನ್ನ, ಮೊಸರನ್ನ, ಇಡ್ಲಿ, ತರಕಾರಿ ಹಾಕದ ರವೆ ಉಪ್ಪಿಟ್ಟು ಹಿಂದಿನ ದಿನ ಮಧ್ಯಾಹ್ನದವರೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಮಲಬದ್ಧತೆ ಇರುವವರಿಗೆ ಈ ಪಥ್ಯ ಎರಡು ಮೂರು ದಿನ ಬೇಕಾಗಬಹುದು.

ಆ ಬಳಿಕ ಪಾರದರ್ಶಕ ದ್ರವ ಮಾತ್ರ: ಸೋಸಿದ ತಿಳಿಸಾರು, ಗಂಜಿಯ ತಿಳಿ, ಹಾಲಿಲ್ಲದ ಚಹಾ, ಸೋಸಿದ ನಿಂಬೆ ಪಾನಕ, ಎಳನೀರು. ಮೂತ್ರಪಿಂಡದ ತೊಂದರೆಯಿರುವವರಿಗೆ ಎಳನೀರು ಬೇಡ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಹಾಲು, ಮಜ್ಜಿಗೆ ಪಾರದರ್ಶಕವಲ್ಲ. ಕೆಂಪು ಬಣ್ಣದ ಪಾನೀಯ ರಕ್ತದಂತೆ ತೋರುತ್ತದೆ. ಅಡಿಕೆಯ ಸೀಮೆಯಾದ ಚನ್ನಗಿರಿಯ ಓದುಗರಿಗೆ ಇದು ವಿಶೇಷ ಸೂಚನೆ: ಎಲೆ ಅಡಿಕೆಯನ್ನು ಎರಡು ದಿನ ಬಿಡುವುದು ಲೇಸು. ಅದರ ಬಣ್ಣವೂ ಚೂರೂ ಎರಡೂ ತೊಂದರೆಯೇ.

ದ್ರಾವಣವನ್ನು ತಣ್ಣಗೆ ಮಾಡಿ, 10-15 ನಿಮಿಷಕ್ಕೊಂದು ಲೋಟದಂತೆ, ಸಾಧ್ಯವಾದರೆ ಕೊಳವೆ ಹಾಕಿ ಹೀರಬೇಕು. ಸಕ್ಕರೆ ಬೆರೆಸಬಾರದು. ವಾಕರಿಕೆ ಬಂದರೆ ಅರ್ಧ ಗಂಟೆ ನಿಲ್ಲಿಸಿ, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ಮತ್ತೆ ಮುಂದುವರಿಸಬಹುದು. ಉರಿ ತಪ್ಪಿಸಲು ಮೊದಲೇ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವುದು ಸುಲಭದ ಉಪಾಯ. ಕೊನೆಗೆ ಹೊರಬರುವುದು ಮೂತ್ರದಂತೆ ತಿಳಿ ಹಳದಿಯಾಗಿದ್ದರೆ ಕರುಳು ಸಿದ್ಧ. ಇನ್ನೂ ಕಂದು ಬಣ್ಣದ್ದಾಗಿದ್ದರೆ, ಕಣಗಳಿದ್ದರೆ, ಬಸ್ಸು ಹತ್ತುವ ಮೊದಲು ಆಸ್ಪತ್ರೆಗೆ ದೂರವಾಣಿ ಮಾಡಿ ಕೇಳಬೇಕು.

ಜೊತೆಗೊಬ್ಬರು ಬೇಕೇ ಬೇಕು

2021ರ ನವೆಂಬರಿನಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಜೋ ಬೈಡನ್ ಇದೇ ಪರೀಕ್ಷೆಗೆ ಮಂಪರು ತೆಗೆದುಕೊಳ್ಳುವ ಮುನ್ನ ತಮ್ಮ ಅಧಿಕಾರವನ್ನು ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರಿಗೆ ಒಪ್ಪಿಸಿದ್ದರು. ಅದು 85 ನಿಮಿಷ ಅವರ ಕೈಯಲ್ಲಿತ್ತು. ನಮ್ಮವರು ಪರೀಕ್ಷೆ ಮುಗಿಸಿ ಅದೇ ಸಂಜೆ ಬೈಕ್ ಏರುವುದನ್ನೂ, ಜಮೀನಿನ ಕಾಗದಕ್ಕೆ ಸಹಿ ಹಾಕುವುದನ್ನೂ ಕನಿಷ್ಠ 24 ಗಂಟೆ ಮುಂದೂಡಿದರೆ ಸಾಕು. ಒಬ್ಬರೇ ಬಂದವರಿಗೆ ಮಂಪರು ಕೊಡಲು ಆಸ್ಪತ್ರೆಯವರು ಒಪ್ಪದಿರಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯ ಇದಕ್ಕೆ ದೊರೆಯುತ್ತದೆಯೇ, ತಾಲ್ಲೂಕು ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂಬುದನ್ನು ದಿನಾಂಕ ಗೊತ್ತುಮಾಡುವ ಮೊದಲೇ ಆರೋಗ್ಯ ಮಿತ್ರರ ಬಳಿ ವಿಚಾರಿಸಿಕೊಳ್ಳಬೇಕು.

ಪರೀಕ್ಷೆಯ ಬಳಿಕ ಹೊಟ್ಟೆಯುಬ್ಬರ ಸಹಜ. ತೀವ್ರ ಹೊಟ್ಟೆನೋವು, ಜ್ವರ, ನಿಲ್ಲದ ರಕ್ತಸ್ರಾವ ಸಹಜವಲ್ಲ; ಕರುಳಿಗೆ ರಂಧ್ರವಾಗುವುದು ಬಹಳ ವಿರಳವಾದರೂ ಆದಾಗ ಪ್ರತಿ ಗಂಟೆಯೂ ಮುಖ್ಯ. ಪಾಲಿಪ್ ತೆಗೆದಿದ್ದರೆ ಎರಡು ವಾರದವರೆಗೂ ರಕ್ತ ಕಾಣಿಸಿಕೊಳ್ಳಬಹುದು. ಊರಿಗೆ ಮರಳಿದ ಮೇಲೆ ಹೀಗಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ವರದಿ ಕೈಗೆ ಬಂದಾಗ ಕರುಳು ಎಷ್ಟು ಸ್ವಚ್ಛವಾಗಿತ್ತು ಎಂಬ ಸಾಲನ್ನೂ ಓದಿ. ಬೋಸ್ಟನ್ ಮಾಪಕವೆಂಬ ಪದ್ಧತಿಯಲ್ಲಿ ಕರುಳಿನ ಮೂರು ಭಾಗಗಳಿಗೆ ತಲಾ 3ರಂತೆ ಒಟ್ಟು 9 ಅಂಕಗಳಿರುತ್ತವೆ. ಪ್ರತಿ ಭಾಗಕ್ಕೂ ಕನಿಷ್ಠ 2 ಬಂದಿದ್ದರೆ ಪರೀಕ್ಷೆ ನಂಬಲರ್ಹ. ಅದಕ್ಕಿಂತ ಕಡಿಮೆಯಿದ್ದರೆ, ಏನೂ ಕಾಣಲಿಲ್ಲ ಎಂದು ಬರೆದಿದ್ದರೂ, ಮುಂದಿನ ಪರೀಕ್ಷೆ ಯಾವಾಗ ಎಂದು ಅಲ್ಲಿಯೇ ಕೇಳಿ. ಒಂದು ವರ್ಷದೊಳಗೆ ಮತ್ತೆ ಮಾಡಿಸುವಂತೆ ಮಾರ್ಗಸೂಚಿಗಳು ಹೇಳುತ್ತವೆ. ತುಂಡು ತೆಗೆದು ಬಯಾಪ್ಸಿಗೆ ಕಳುಹಿಸಿದ್ದರೆ ಅದರ ಫಲಿತಾಂಶ ಬರಲು ಕೆಲವು ದಿನ ಹಿಡಿಯುತ್ತದೆ. ಅದನ್ನು ತರಲು ಯಾರು, ಯಾವ ದಿನ ಹೋಗುವರು ಎಂಬುದು ಆಸ್ಪತ್ರೆಯಿಂದ ಹೊರಡುವ ಮುನ್ನವೇ ನಿಶ್ಚಯವಾಗಿರಲಿ.